ನರವೈವಿಧ್ಯ: ಮನೆಯೊಳಗಿನ ವಿಷಯ, ವಿಶ್ವವಿದ್ಯಾಲಯದ ಪಾಠ

ನನ್ನ ತಂಗಿಯ ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. "ಗಂಡು ಹುಡುಗರಿಗೆ ಮಾತು ತಡ, ಸುಮ್ಮನಿರ್ರಿ" ಅಂತ ಗದಗದಿಂದ ನಮ್ಮವ್ವ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದಳು. ತಂಗಿ ಇರುವುದು ಮುಂಬೈಯ ಉಪನಗರದಲ್ಲಿ. ಅವಳು ಮಗನ ಜೊತೆ ಆಡುತ್ತಿದ್ದದ್ದು ಕನ್ನಡ, ಗಂಡನ ಮನೆಯವರದು ಉರ್ದು, ಚಾಳಿನ ಅಂಗಳದಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಕೊನೆಗೆ ತಪಾಸಣೆ ಆಯಿತು, ಆಟಿಸಂ ಎಂದರು. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರು: "ನಾಲ್ಕು ಭಾಷೆ ಕೇಳಿ ಮಗು ಗೊಂದಲಕ್ಕೆ ಬಿದ್ದಿದೆ. ಇನ್ನು ಮೇಲೆ ಒಂದೇ ಭಾಷೆ. ಇಂಗ್ಲಿಷ್ ಆದರೆ ಒಳ್ಳೆಯದು, ಥೆರಪಿ ಅದರಲ್ಲೇ ನಡೆಯೋದು."

ತಂಗಿ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ 'ಕಮ್', 'ಸಿಟ್', 'ಈಟ್', 'ನೋ'. ಎರಡು ವರ್ಷ ಅವಳು ಮಗನ ಜೊತೆ ಅಷ್ಟೇ ಮಾತಾಡಿದಳು. ಜೋಗುಳ ನಿಂತಿತು. ನಮ್ಮವ್ವ ಬಂದಾಗ ಮೊಮ್ಮಗನ ಎದುರು ಬಾಯಿ ಬಿಡದೆ ಕೂತಿರುತ್ತಿದ್ದಳು, ಎಲ್ಲಿ ಕೂಸಿಗೆ ಕೆಡುಕಾಗ್ತದೋ ಅಂತ.

ಆ ಸಲಹೆಗೆ ಆಧಾರವಿರಲಿಲ್ಲ ಅಂತ ನನಗೆ ಗೊತ್ತಾದದ್ದು ತುಂಬ ತಡವಾಗಿ. ಮದುವೆ, ಮಕ್ಕಳು ಎಲ್ಲ ಆದ ಮೇಲೆ ಮೂವತ್ತೈದನೇ ವಯಸ್ಸಿನಲ್ಲಿ ನಾನು ಮಾನವ ವಿಕಾಸ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ್ದೆ. ಒಂದು ಸೆಮಿನಾರಿಗೆ ಓದಬೇಕಾಗಿದ್ದ ಪ್ರಬಂಧಗಳಲ್ಲಿ ಎರಡು ಕೆನಡಾದಿಂದ 2012ರಲ್ಲಿ ಬಂದವು. ಎರಡು ಭಾಷೆ ಕೇಳುವ ಆಟಿಸ್ಟಿಕ್ ಮಕ್ಕಳನ್ನೂ ಒಂದೇ ಭಾಷೆ ಕೇಳುವ ಆಟಿಸ್ಟಿಕ್ ಮಕ್ಕಳನ್ನೂ ಹೋಲಿಸಿ ನೋಡಿದ್ದರು. ಎರಡು ಭಾಷೆಯಿಂದಾಗಿ ಮಾತು ಇನ್ನಷ್ಟು ತಡವಾದದ್ದು ಕಂಡಿರಲಿಲ್ಲ. ಅಂದು ರಾತ್ರಿ ತಂಗಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರ ಅಕ್ಕಾ, ನಾ ಎರಡು ವರ್ಷ ಸುಮ್ನೆ ಬಾಯಿ ಮುಚ್ಚಿಕೊಂಡು ಕೂತೆನಾ?" ಅಂದಳು.

ಈ ವಿಷಯವನ್ನು ಯಾಕೆ ಓದಬೇಕು ಅಂತ ನನ್ನನ್ನು ಕೇಳುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಓದುಗರೇ, ನಿಮಗೂ ಇಲ್ಲಿಂದಲೇ ಶುರು ಮಾಡಿದ್ದೇನೆ.

ಪದ ಎಲ್ಲಿಂದ ಬಂತು

'ನ್ಯೂರೋಡೈವರ್ಸಿಟಿ' ಪದವನ್ನು ಕನ್ನಡದಲ್ಲಿ ನರವೈವಿಧ್ಯ ಎನ್ನಬಹುದು. ಎಲ್ಲರ ಮಿದುಳೂ ಒಂದೇ ಅಚ್ಚಿನಲ್ಲಿ ಬೆಳೆಯುವುದಿಲ್ಲ. ಗಮನ, ಭಾಷೆ, ಓದು, ಸದ್ದು ಬೆಳಕಿನ ಅನುಭವ, ಜನರ ಜೊತೆ ಬೆರೆಯುವ ರೀತಿ, ಇವೆಲ್ಲ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುತ್ತವೆ, ಈ ವ್ಯತ್ಯಾಸ ಮನುಷ್ಯಕುಲದ ಸಹಜ ಗುಣ ಎಂಬುದು ಅದರ ತಿರುಳು. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಡಿಸ್‌ಪ್ರಾಕ್ಸಿಯಾ ಮುಂತಾದವನ್ನು ಈ ಕಣ್ಣಿನಿಂದ ನೋಡುತ್ತಾರೆ.

1990ರ ದಶಕದಲ್ಲಿ ಆಟಿಸ್ಟಿಕ್ ಜನರೇ ಇಂಟರ್‌ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡು ಮಾತಾಡತೊಡಗಿದಾಗ ಈ ವಿಚಾರ ಹುಟ್ಟಿತು. 1993ರಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸ್ಟಿಕ್ ಲೇಖಕರು, ನಮ್ಮನ್ನು ನೋಡಿ ಶೋಕಿಸಬೇಡಿ ಎಂದು ಪೋಷಕರನ್ನು ಉದ್ದೇಶಿಸಿ ಬರೆದರು. ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ ಈ ಪದವನ್ನು ಬಳಸಿದರು. ಅದೇ ವರ್ಷ ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ಪತ್ರಿಕೆಯಲ್ಲಿ ಅದನ್ನು ಬರೆದರು. ಅಂದರೆ ಇದು ಆಸ್ಪತ್ರೆಯಲ್ಲಿ ಹುಟ್ಟಿದ ಪದವಲ್ಲ. ಯಾರ ಬಗ್ಗೆ ಪುಸ್ತಕ ಬರೆಯುತ್ತಿದ್ದರೋ ಅವರೇ ತಮ್ಮ ಬಗ್ಗೆ ಹೇಳಿಕೊಂಡದ್ದು.

ಇನ್ನು 'ಮಾನವ ವಿಕಾಸ'. ಇದನ್ನು ಕೇಳಿದರೆ ಹಲವರು ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಅಂದುಕೊಳ್ಳುತ್ತಾರೆ. ಅದಲ್ಲ. ಗರ್ಭದಿಂದ ಮುಪ್ಪಿನವರೆಗೆ ಮನುಷ್ಯನ ದೇಹ, ಬುದ್ಧಿ, ಭಾವನೆ, ಸಂಬಂಧ ಹೇಗೆ ಬೆಳೆಯುತ್ತವೆ, ಬದಲಾಗುತ್ತವೆ ಎಂದು ಓದುವ ಶಾಸ್ತ್ರ ಇದು. ನಮ್ಮ ದೇಶದಲ್ಲಿ ಇದು ಬೆಳೆದದ್ದು ಹೆಚ್ಚಾಗಿ ಗೃಹವಿಜ್ಞಾನ ಕಾಲೇಜುಗಳ ಒಳಗೆ. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ, ಬರೋಡಾ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗ 1950ರಲ್ಲಿ ಆರಂಭವಾದವು. 'ಹೋಮ್ ಸೈನ್ಸ್ ಅಂದ್ರೆ ಅಡುಗೆ, ಹೊಲಿಗೆ' ಅಂತ ನಗುವವರಿಗೆ ಇದು ಗೊತ್ತಿರಲಿ.

ಈ ಶಾಸ್ತ್ರದಲ್ಲಿ ಎಲ್ಲರೂ ಕಲಿಯುವ ಒಂದು ಚೌಕಟ್ಟು ಯೂರಿ ಬ್ರಾನ್‌ಫೆನ್‌ಬ್ರೆನ್ನರ್ ಅವರದು, 1979ರ ಪುಸ್ತಕ. ಮಗು ನಡುವೆ, ಸುತ್ತ ವೃತ್ತಗಳು. ಮೊದಲ ವೃತ್ತದಲ್ಲಿ ಮನೆ, ಶಾಲೆ. ಎರಡನೆಯದು ಮನೆಗೂ ಶಾಲೆಗೂ ಇರುವ ಸಂಬಂಧ. ಮೂರನೆಯದರಲ್ಲಿ ಮಗು ಕಾಲಿಡದಿದ್ದರೂ ಮಗುವನ್ನು ತಟ್ಟುವ ಜಾಗಗಳು, ಅಪ್ಪನ ಕೆಲಸದ ಪಾಳಿಯಂಥವು. ಹೊರಗಿನ ವೃತ್ತದಲ್ಲಿ ಕಾನೂನು, ನಂಬಿಕೆ, ಭಾಷೆ. ನನ್ನ ತಂಗಿಯ ಮನೆಯನ್ನು ಈ ಚಿತ್ರದಲ್ಲಿ ಇಟ್ಟು ನೋಡಿ. 'ಇಂಗ್ಲಿಷ್ ಬಂದರೇ ಬದುಕು' ಎಂಬ ಹೊರಗಿನ ವೃತ್ತದ ನಂಬಿಕೆ ಒಂದು ಸಲಹೆಯ ಮೂಲಕ ಒಳಕ್ಕೆ ಬಂದು ತೊಟ್ಟಿಲ ಪಕ್ಕದ ಜೋಗುಳವನ್ನು ನಿಲ್ಲಿಸಿತು.

ತಾಯಂದಿರನ್ನು ದೂರಿದ ಕಾಲ

ವಿಶ್ವವಿದ್ಯಾಲಯದಲ್ಲಿ ಓದುವುದರ ದೊಡ್ಡ ಲಾಭ ಎಂದರೆ, ಇಂದು ಖಚಿತ ಅಂತ ಹೇಳುವ ಮಾತು ನಿನ್ನೆ ಏನಾಗಿತ್ತು ಅಂತ ತಿಳಿಯುವುದು. ಆಟಿಸಂ ಇತಿಹಾಸವನ್ನೇ ತಗೊಳ್ಳಿ.

1920ರ ದಶಕದಲ್ಲೇ ಸೋವಿಯತ್ ವೈದ್ಯೆ ಗ್ರೂನ್ಯಾ ಸುಖರೇವಾ ಇಂಥ ಮಕ್ಕಳ ಬಗ್ಗೆ ವಿವರವಾಗಿ ಬರೆದಿದ್ದರು. ಆದರೆ ಬಹುಕಾಲ ಪಠ್ಯಗಳಲ್ಲಿ ಅವರ ಹೆಸರು ಇರಲಿಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಬರೆದರು. ಈ ಆಸ್ಪರ್ಗರ್ ನಾಜಿ ಆಡಳಿತದ ಕಾಲದಲ್ಲಿ, ಮಕ್ಕಳನ್ನು ಕೊಲ್ಲುತ್ತಿದ್ದ ಆಮ್ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕೆಲವು ಮಕ್ಕಳನ್ನು ಕಳಿಸಿದ್ದರು ಎಂಬುದು 2018ರಲ್ಲಿ ದಾಖಲೆಗಳ ಸಮೇತ ಹೊರಬಂತು. 'ಬುದ್ಧಿವಂತ ಆಟಿಸ್ಟಿಕ್' ಮತ್ತು 'ಉಪಯೋಗವಿಲ್ಲದ ಮಗು' ಎಂದು ಮಕ್ಕಳನ್ನು ಎರಡಾಗಿ ವಿಂಗಡಿಸುವ ಮನಸ್ಸು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಈ ಪಾಠ ಓದಿದವರು ಮರೆಯುವುದಿಲ್ಲ.

ಆಮೇಲೆ ತಾಯಂದಿರ ಸರದಿ. ತಾಯಿ ಮಗುವಿಗೆ ಪ್ರೀತಿ ಕೊಡಲಿಲ್ಲ, ಫ್ರಿಜ್ಜಿನ ಹಾಗೆ ತಣ್ಣಗಿದ್ದಳು, ಅದಕ್ಕೇ ಮಗು ಹೀಗಾಯಿತು ಎಂಬ ವಾದ ಹುಟ್ಟಿತು. ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಇದನ್ನು ಪುಸ್ತಕ ಮಾಡಿ ಜನಪ್ರಿಯಗೊಳಿಸಿದರು. ಅದಕ್ಕೂ ಮೂರು ವರ್ಷ ಮೊದಲೇ ಬರ್ನಾರ್ಡ್ ರಿಮ್‌ಲ್ಯಾಂಡ್, ಅವರೂ ಒಬ್ಬ ಆಟಿಸ್ಟಿಕ್ ಹುಡುಗನ ತಂದೆ, ಇದು ಸಾಕುವ ರೀತಿಯ ದೋಷವಲ್ಲ, ಹುಟ್ಟಿನಿಂದ ಬಂದ ಜೈವಿಕ ವ್ಯತ್ಯಾಸ ಎಂದು ವಾದಿಸಿದ್ದರು. ಇಂದು ವಿಜ್ಞಾನ ನಿಂತಿರುವುದು ಆ ಕಡೆಗೆ. ಆದರೆ ನಮ್ಮ ಮನೆಗಳಲ್ಲಿ? "ನೀನು ಮೊಬೈಲ್ ಕೊಟ್ಟಿ, ಅದಕ್ಕೇ", "ಬಸುರಿಯಲ್ಲಿ ನೀನು ಗ್ರಹಣ ನೋಡಿದ್ದಿ", "ಯಾರದೋ ನಜರ್ ಆಗಿದೆ", ಹೀಗೆ ಬೊಟ್ಟು ಕಡೆಗೆ ತಾಯಿಯ ಕಡೆಗೇ ತಿರುಗುತ್ತದೆ.

1979ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ ಒಂದು ಬಡಾವಣೆಯ ಮಕ್ಕಳನ್ನು ಅಧ್ಯಯನ ಮಾಡಿದರು. ಕ್ಯಾನರ್ ಹೇಳಿದ ಗೆರೆಯೊಳಗೆ ಬರುವವರಿಗಿಂತ ಎಷ್ಟೋ ಹೆಚ್ಚು ಮಕ್ಕಳಿಗೆ ಇದೇ ಬಗೆಯ ಕಷ್ಟಗಳಿರುವುದು ಕಂಡಿತು. 'ಸ್ಪೆಕ್ಟ್ರಮ್' ಎಂಬ ವಿಚಾರ ಬೆಳೆದದ್ದು ಹೀಗೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 2013ರ ಐದನೇ ಆವೃತ್ತಿಯಲ್ಲಿ ಆಸ್ಪರ್ಗರ್ ಎಂಬ ಬೇರೆ ಹೆಸರನ್ನು ಕೈಬಿಟ್ಟು ಎಲ್ಲವನ್ನೂ ಒಂದೇ ಆಟಿಸಂ ಸ್ಪೆಕ್ಟ್ರಮ್ ಕೆಳಗೆ ತಂದಿತು. ಒಬ್ಬರಿಗೇ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇರಬಹುದು ಎಂದು ಅದು ಒಪ್ಪಿದ್ದೂ ಆಗಲೇ.

ಗೊಂಬೆಗಳ ಪರೀಕ್ಷೆ, ಅದರ ಮೇಲೆ ಮರುಪ್ರಶ್ನೆ

ತರಗತಿಯಲ್ಲಿ ನಾವು ಹೆಚ್ಚು ಜಗಳಾಡಿದ್ದು ಒಂದು ಗೊಂಬೆ ಪರೀಕ್ಷೆಯ ಬಗ್ಗೆ. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಎಂಬ ಮೂವರು ಮಾಡಿದ ಪ್ರಯೋಗ. ಸ್ಯಾಲಿ ಎಂಬ ಗೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋಗುತ್ತದೆ. ಆ್ಯನ್ ಎಂಬ ಗೊಂಬೆ ಅದನ್ನು ತೆಗೆದು ಪೆಟ್ಟಿಗೆಯಲ್ಲಿಡುತ್ತದೆ. ಸ್ಯಾಲಿ ವಾಪಸ್ ಬಂದಳು. ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? 'ಬುಟ್ಟಿಯಲ್ಲಿ' ಎಂಬುದು ಸರಿಯುತ್ತರ, ಯಾಕಂದರೆ ಜಾಗ ಬದಲಾದದ್ದು ಸ್ಯಾಲಿಗೆ ಗೊತ್ತಿಲ್ಲ. 20 ಆಟಿಸ್ಟಿಕ್ ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆ ತೋರಿಸಿದರು. ಡೌನ್ ಸಿಂಡ್ರೋಮ್ ಇರುವ 14 ಮಕ್ಕಳಲ್ಲಿ 12 ಮಂದಿ ಸರಿ ಹೇಳಿದರು.

ಇದರಿಂದ, ಆಟಿಸ್ಟಿಕ್ ಜನರಿಗೆ ಇನ್ನೊಬ್ಬರ ಮನಸ್ಸು ಅರ್ಥವಾಗುವುದಿಲ್ಲ ಎಂಬ ದೊಡ್ಡ ಮಾತು ಹುಟ್ಟಿಕೊಂಡಿತು. ಆದರೆ ಲೆಕ್ಕ ನೋಡಿ, ಆ 20ರಲ್ಲಿ ನಾಲ್ಕು ಮಕ್ಕಳು ಸರಿ ಹೇಳಿದ್ದರು. ಮುಂದೆ ಪ್ರಶ್ನೆಯನ್ನೇ ತಿರುಗಿಸಿದವರು ಡೇಮಿಯನ್ ಮಿಲ್ಟನ್, ಸ್ವತಃ ಆಟಿಸ್ಟಿಕ್ ಸಮಾಜಶಾಸ್ತ್ರಜ್ಞ. 2012ರಲ್ಲಿ ಅವರು ಬರೆದದ್ದು ಇಷ್ಟು: ಆಟಿಸ್ಟಿಕ್ ವ್ಯಕ್ತಿಗೆ ನಿಮ್ಮ ಮನಸ್ಸು ತಿಳಿಯುವುದಿಲ್ಲ ಎನ್ನುತ್ತೀರಿ, ಅವರ ಮನಸ್ಸು ನಿಮಗೆ ತಿಳಿಯುತ್ತದೆಯೇ? ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ. ಇದಕ್ಕೆ ಅವರು ಕೊಟ್ಟ ಹೆಸರು 'ಡಬಲ್ ಎಂಪಥಿ'.

ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ನಾವು ಚಿಕ್ಕವರಿದ್ದಾಗ ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ಆಡುತ್ತಿದ್ದೆವಲ್ಲ, ಹೆಚ್ಚು ಕಡಿಮೆ ಅದೇ. ಎಂಟೆಂಟು ಜನರ ಸಾಲು, ಒಬ್ಬರಿಂದ ಒಬ್ಬರಿಗೆ ಕತೆ ದಾಟಬೇಕು. 2020ರಲ್ಲಿ ಬಂದ ಫಲಿತಾಂಶ: ಎಲ್ಲರೂ ಆಟಿಸ್ಟಿಕ್ ಆಗಿದ್ದ ಸಾಲು, ಯಾರೂ ಆಟಿಸ್ಟಿಕ್ ಅಲ್ಲದ ಸಾಲು, ಎರಡೂ ಸರಿಸಮ. ಬೆರೆತ ಸಾಲಿನಲ್ಲಿ ಮಾತ್ರ ವಿವರ ಹೆಚ್ಚು ಕಳೆದುಹೋಯಿತು. ಆಮೇಲೆ ಇದೇ ಕೆಲಸವನ್ನು ಇನ್ನೂ ಹೆಚ್ಚು ಜನರನ್ನಿಟ್ಟುಕೊಂಡು ಮಾಡಿದಾಗ ಬೆರೆತ ಸಾಲು ಹಿಂದೆ ಬಿದ್ದದ್ದು ಕಾಣಲಿಲ್ಲ, ಆದರೆ ಆಟಿಸ್ಟಿಕ್ ಸಾಲು ಆಗಲೂ ಯಾರಿಗೂ ಕಡಿಮೆ ಇರಲಿಲ್ಲ. ವಾಟ್ಸಾಪಿನಲ್ಲಿ ಬರುವ ಸಂದೇಶಕ್ಕೂ ವಿಶ್ವವಿದ್ಯಾಲಯದ ಓದಿಗೂ ಇಲ್ಲೇ ವ್ಯತ್ಯಾಸ. ನಮಗೆ ಇಷ್ಟವಾದ ಫಲಿತಾಂಶವನ್ನೂ ಮತ್ತೆ ಪರೀಕ್ಷಿಸಬೇಕು, ಬದಲಾದರೆ ಹಾಗೆಂದು ಹೇಳಬೇಕು.

ಅಳತೆಗೋಲು ಯಾರದು?

ಈ ವಿಷಯದಲ್ಲಿ ನಮ್ಮಂಥವರು ಬರಬೇಕು ಎನ್ನಲು ಮುಖ್ಯ ಕಾರಣ ಇಲ್ಲಿದೆ. ಮನಶ್ಶಾಸ್ತ್ರದ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96ರಷ್ಟು ಮಂದಿ, ಜಗತ್ತಿನ ಜನಸಂಖ್ಯೆಯ ಶೇ. 12 ಮಾತ್ರ ಇರುವ ದೇಶಗಳವರು ಎಂದು ಅಮೆರಿಕದ ಜೆಫ್ರಿ ಆರ್ನೆಟ್ 2008ರಲ್ಲಿ ಪ್ರಮುಖ ನಿಯತಕಾಲಿಕಗಳನ್ನು ತೆರೆದು ಲೆಕ್ಕ ಹಾಕಿದರು. ಅಳತೆಗೋಲು ತಯಾರಾದದ್ದು ಅಲ್ಲಿ, ಅಳೆಯುವುದು ನಮ್ಮ ಮಕ್ಕಳನ್ನು.

ಒಂದು ಸಣ್ಣ ಉದಾಹರಣೆ. 'ಕಣ್ಣಿಗೆ ಕಣ್ಣಿಟ್ಟು ನೋಡುತ್ತದೆಯೇ?' ಎಂಬ ಪ್ರಶ್ನೆ ಎಲ್ಲ ತಪಾಸಣೆ ಪಟ್ಟಿಯಲ್ಲೂ ಇರುತ್ತದೆ. ನಮ್ಮಲ್ಲಿ ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಮರ್ಯಾದೆ. ಐದಾರು ವರ್ಷದ ಮಗು ಅಪರಿಚಿತ ಡಾಕ್ಟರನ್ನು ನೋಡದಿದ್ದರೆ ಅದು ಕಲಿಸಿದ ಅದಬೋ ಬೇರೆಯೋ ಅಂತ ಬಿಡಿಸಿ ನೋಡುವವರು ಬೇಕು. ತಾಯಿಯ ಮಡಿಲಲ್ಲಿದ್ದಾಗಲೂ ಹಾಗೆಯೇ ಇದೆಯೇ ಎಂದು ಕೇಳುವವರು ಬೇಕು.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಗಂಡು ನಾಲ್ಕಾದರೆ ಹೆಣ್ಣು ಒಂದು ಅಂತ ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಅದು ಮೂರಕ್ಕೆ ಒಂದರ ಹತ್ತಿರ ಬಂತು. ಅಂದರೆ ಹೆಣ್ಣುಮಕ್ಕಳಲ್ಲಿ ಗುರುತಿಸದೆ ಬಿಟ್ಟದ್ದು ಹೆಚ್ಚು. ಅವರು ಬೇರೆಯವರನ್ನು ನೋಡಿ ಅನುಕರಿಸಿ ತಮ್ಮ ಕಷ್ಟವನ್ನು ಮುಚ್ಚಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಂತೂ ಯಾರ ಜೊತೆಯೂ ಬೆರೆಯದ, ಮೂಲೆಯಲ್ಲಿ ಕೂತು ತನ್ನ ಪಾಡಿಗೆ ತಾನಿರುವ ಹುಡುಗಿಗೆ 'ಎಷ್ಟು ಶರಮಿನ ಹುಡುಗಿ' ಎಂಬ ಹೊಗಳಿಕೆ ಸಿಗುತ್ತದೆ. ಒಳಗೆ ಅವಳಿಗೆ ಏನಾಗುತ್ತಿದೆ ಎಂದು ಕೇಳುವವರಿಲ್ಲ.

ಇನ್ನು ಓದಿನ ವಿಷಯ. 'ತಾರೆ ಜಮೀನ್ ಪರ್' ಸಿನಿಮಾ 2007ರಲ್ಲಿ ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬ ಪದ ಮನೆಮಾತಾಯಿತು. ಆದರೆ ಡಿಸ್ಲೆಕ್ಸಿಯಾ ಕುರಿತ ಸಂಶೋಧನೆಯ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳದು. ಇಂಗ್ಲಿಷಿನಲ್ಲಿ 26 ಅಕ್ಷರ, ಉಚ್ಚಾರ ಮಾತ್ರ ಗೊಂದಲ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಆದರೆ ಕಾಗುಣಿತ ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಜ್ಞಾನ ಪೂರ್ತಿಯಾಗಲು ವರ್ಷಗಳೇ ಹಿಡಿಯುತ್ತವೆ, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆಯುತ್ತಿರುತ್ತದೆ ಎಂದು ತೋರಿಸಿದರು. ಇಂಗ್ಲಿಷ್ ಮಗುವಿನ ಗಡುವನ್ನು ಕನ್ನಡದ ಮಗುವಿಗೆ ಇಟ್ಟು 'ನಿಧಾನ' ಅನ್ನುವಂತಿಲ್ಲ. ಹಾಗೆಯೇ ನಿಜವಾಗಿ ನೆರವು ಬೇಕಾದ ಮಗುವನ್ನು ಗುರುತಿಸಲು ಕನ್ನಡದ್ದೇ ಪರೀಕ್ಷೆ ಬೇಕು.

ಮುಂಬೈ, ಪುಣೆ, ಹೈದರಾಬಾದಿನ ನಮ್ಮ ಎಷ್ಟೋ ಮಕ್ಕಳು ಶಾಲೆಯಲ್ಲಿ ಎಡದಿಂದ ಬಲಕ್ಕೆ ಇಂಗ್ಲಿಷ್, ಮರಾಠಿ ಅಥವಾ ತೆಲುಗು ಓದಿ, ಸಂಜೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅರಬಿ ಓದುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗು ಇದನ್ನು ಹೇಗೆ ನಿಭಾಯಿಸುತ್ತದೆ? ನೋಡಿ ಓದಲು ತಡವರಿಸುವ ಮಗು ಕೇಳಿ ಬಾಯಿಪಾಠ ಮಾಡುವುದರಲ್ಲಿ ಮುಂದಿರಬಹುದೇ? ಉಸ್ತಾದರು ಇದನ್ನು ದಿನವೂ ನೋಡುತ್ತಿರುತ್ತಾರೆ. ನಿಮ್ಮಲ್ಲಿ ಯಾರಾದರೂ ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ ಇಗೋ, ಇದು ನಿಮ್ಮ ಓಣಿಯಲ್ಲೇ ಇದೆ.

ವೈವಿಧ್ಯ ಅಂದ ಮಾತ್ರಕ್ಕೆ ಕಷ್ಟ ಇಲ್ಲ ಅಂತಲ್ಲ

ಇಷ್ಟು ಓದಿದ ಮೇಲೆ ಕೆಲವರು ಕೇಳುತ್ತಾರೆ: "ಎಲ್ಲ ಸಹಜ ಅಂದ್ರೆ, ರಾತ್ರಿ ನಿದ್ದೆ ಮಾಡದೆ ತಲೆ ಗೋಡೆಗೆ ಬಡಿದುಕೊಳ್ಳೋ ಮಗುವಿನ ತಾಯಿಗೆ ಏನು ಹೇಳ್ತೀರಿ?" ನ್ಯಾಯವಾದ ಪ್ರಶ್ನೆ. ನರವೈವಿಧ್ಯದ ಮಾತು ಚೆನ್ನಾಗಿ ಮಾತಾಡಬಲ್ಲ, ಕೆಲಸ ಮಾಡಬಲ್ಲ ಕೆಲವರದಷ್ಟೇ, ಜೀವನಪೂರ್ತಿ ಇನ್ನೊಬ್ಬರ ನೆರವು ಬೇಕಾದವರು ಅದರಲ್ಲಿ ಮರೆಯಾಗುತ್ತಾರೆ ಎಂಬ ಟೀಕೆ ಇದೆ. 2021ರಲ್ಲಿ ಲ್ಯಾನ್ಸೆಟ್ ಆಯೋಗ ಇಂಥವರನ್ನು ಗುರುತಿಸಲು 'ಪ್ರೊಫೌಂಡ್ ಆಟಿಸಂ' ಎಂಬ ಮಾತನ್ನು ಮುಂದಿಟ್ಟಿತು. ಹೀಗೆ ಮತ್ತೆ ಎರಡು ಭಾಗ ಮಾಡುವುದು ಸರಿಯಲ್ಲ ಎಂದು ಹಲವು ಆಟಿಸ್ಟಿಕ್ ಲೇಖಕರು ವಿರೋಧಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ.

ನನಗೆ ತಿಳಿದಷ್ಟು ಹೇಳುತ್ತೇನೆ. ಮಗುವನ್ನು ಬೇರೆಯವರಂತೆ ಕಾಣಿಸುವುದು ಒಂದು ಗುರಿ, ಮಗುವಿನ ಕಷ್ಟ ಕಡಿಮೆ ಮಾಡುವುದು ಇನ್ನೊಂದು. ಕೈ ಬೀಸುವುದನ್ನು ನಿಲ್ಲಿಸಲು ವರ್ಷಗಟ್ಟಲೆ ದುಡ್ಡು ಸುರಿಯುವುದು ಮೊದಲನೆಯದು. ಹೊಟ್ಟೆನೋವು ಅಂತ ಹೇಳಲು ಚಿತ್ರದ ಕಾರ್ಡು ಕಲಿಸುವುದು, ನಿದ್ದೆಗೆ, ಅಪಸ್ಮಾರಕ್ಕೆ ಸರಿಯಾದ ವೈದ್ಯ ಮಾಡಿಸುವುದು ಎರಡನೆಯದು. ಎರಡನೆಯದಕ್ಕೆ ನರವೈವಿಧ್ಯದ ವಿಚಾರ ಅಡ್ಡ ಬರುವುದಿಲ್ಲ. ಬೇಗ ಗುರುತಿಸಿ ಬೇಗ ನೆರವು ಕೊಡಬೇಕು ಎಂಬುದಕ್ಕೂ ಅಡ್ಡ ಬರುವುದಿಲ್ಲ. ಎರಡು ವರ್ಷವಾದರೂ ಮಗು ಮಾತಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಕಾಯಬೇಡಿ. ಕಿವಿ ಪರೀಕ್ಷೆ, ಬೆಳವಣಿಗೆಯ ತಪಾಸಣೆ ಎರಡೂ ಮಾಡಿಸಿ.

ಈ ಕಷ್ಟ ಅಪರೂಪವೂ ಅಲ್ಲ. ಹೈದರಾಬಾದ್, ಉತ್ತರ ಗೋವಾ ಸೇರಿ ದೇಶದ ಐದು ಕಡೆ 3,964 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆಟಿಸಂ ಜೊತೆಗೆ ಅಪಸ್ಮಾರ, ಸೆರೆಬ್ರಲ್ ಪಾಲ್ಸಿ, ಕಿವಿ ಕಣ್ಣಿನ ತೊಂದರೆ ಎಲ್ಲ ಸೇರಿಸಿ, ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಸ್ಥಳಕ್ಕೆ ತಕ್ಕಂತೆ ಶೇ. 2.9ರಿಂದ ಶೇ. 18.7ರವರೆಗೆ ಯಾವುದಾದರೂ ಒಂದು ಇತ್ತು.

ಎಲ್ಲಿ ಓದುವುದು, ಓದಿ ಏನಾಗುವುದು

ಈಗ ವಿದ್ಯಾರ್ಥಿಗಳಿಗೆ. 'ನರವೈವಿಧ್ಯ' ಎಂಬ ಹೆಸರಿನ ಡಿಗ್ರಿ ಹುಡುಕುತ್ತ ಕೂರಬೇಡಿ. ಮಾನವ ವಿಕಾಸ, ಮನಶ್ಶಾಸ್ತ್ರ, ವಿಶೇಷ ಶಿಕ್ಷಣ, ಸಮಾಜಕಾರ್ಯ, ಅಂಗವೈಕಲ್ಯ ಅಧ್ಯಯನ ಇವುಗಳ ಒಳಗೆ ಇದು ಬರುತ್ತದೆ. ಮುಂಬೈಯಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ, ದೆಹಲಿಯಲ್ಲಿ ಲೇಡಿ ಇರ್ವಿನ್, ಊರ ಕಡೆ ಹೋಗುವವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಇಲ್ಲೆಲ್ಲ ಮಾನವ ವಿಕಾಸದ ಸ್ನಾತಕೋತ್ತರ ಓದು ಇದೆ.

ಒಂದು ಎಚ್ಚರಿಕೆ. ಮಾನವ ವಿಕಾಸದ ಎಂಎ, ಎಂಎಸ್ಸಿ ಮಾಡಿದ ಮಾತ್ರಕ್ಕೆ ಥೆರಪಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ವಿಶೇಷ ಶಿಕ್ಷಕ, ಕ್ಲಿನಿಕಲ್ ಸೈಕಾಲಜಿಸ್ಟ್, ಮಾತು-ಶ್ರವಣ ತಜ್ಞ ಆಗಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ಒಪ್ಪಿದ ಕೋರ್ಸು ಮಾಡಿ ಅಲ್ಲಿ ಹೆಸರು ನೋಂದಾಯಿಸಬೇಕು. ಪಿಯುಸಿ ವಿಜ್ಞಾನ ಆದವರು ಮಾತು-ಶ್ರವಣದ ಬಿಎಎಸ್‌ಎಲ್‌ಪಿ ಕೋರ್ಸನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲೋ ಮಾಡಬಹುದು. ಸಿಕಂದರಾಬಾದ್ ಮತ್ತು ಚೆನ್ನೈ ಬಳಿಯ ಮುಟ್ಟುಕ್ಕಾಡಿನಲ್ಲೂ ಕೇಂದ್ರದ ರಾಷ್ಟ್ರೀಯ ಸಂಸ್ಥೆಗಳಿವೆ. ಪೋಷಕರೂ ಅಷ್ಟೇ, ದುಡ್ಡು ಕಟ್ಟುವ ಮೊದಲು ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ನನ್ನ ತಂಗಿ ಕೇಳಿರಲಿಲ್ಲ.

ಓದುವ ವಿದ್ಯಾರ್ಥಿಗೇ ಡಿಸ್ಲೆಕ್ಸಿಯಾವೋ ಆಟಿಸಂವೋ ಇದ್ದರೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಸ್ಥಿತಿಗಳಿವೆ. ಆಟಿಸಂ ಮತ್ತು ಕಲಿಕಾ ನ್ಯೂನತೆ ಅದರಲ್ಲಿ ಸೇರಿವೆ. ಎಡಿಎಚ್‌ಡಿ ಬೇರೆಯಾಗಿ ಇಲ್ಲ, ಅದೊಂದು ಕೊರತೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ರಿಯಾಯಿತಿ ಇದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೊಡಬೇಕು ಎಂದು 2018ರ ಮಾರ್ಗಸೂಚಿ ಹೇಳುತ್ತದೆ. 2021ರಲ್ಲಿ ನೀಟ್ ಪರೀಕ್ಷೆಯಲ್ಲಿ ಈ ಹೆಚ್ಚಿನ ಸಮಯ ಸಿಗದ, ಬರವಣಿಗೆಯ ತೊಂದರೆ ಇದ್ದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೆ ಅನ್ಯಾಯವಾಗಿದೆ ಎಂದು ಕೋರ್ಟು ಒಪ್ಪಿತು. ಇದು ದಯೆಯಲ್ಲ, ಹಕ್ಕು. ಆದರೆ ಅರ್ಜಿ ಕೊಡದೆ ಸಿಗುವುದಿಲ್ಲ. ಪ್ರವೇಶದ ದಿನವೇ ಪ್ರಮಾಣಪತ್ರದ ಪ್ರತಿ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ.

ಕೊನೆಯದಾಗಿ

ದೆಹಲಿಯ ಸಮಾಜಶಾಸ್ತ್ರಜ್ಞೆ ಶುಭಾಂಗಿ ವೈದ್ಯ 2016ರಲ್ಲಿ ಭಾರತದ ನಗರಗಳ ಕುಟುಂಬ ಮತ್ತು ಆಟಿಸಂ ಬಗ್ಗೆ ಪುಸ್ತಕ ಬರೆದರು. ಅವರೂ ಆಟಿಸಂ ಇರುವ ಮಗುವಿನ ತಾಯಿ. ದೆಹಲಿಯಲ್ಲಿ 1991ರಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಕಟ್ಟಿದ ಮೇರಿ ಬರುವಾ ಕೂಡ ಒಬ್ಬ ತಾಯಿ. ಮನೆಯ ಅನುಭವವನ್ನು ಓದಿಗೂ ಕೆಲಸಕ್ಕೂ ತಂದವರು ಇವರು. ನಮ್ಮ ಮನೆಗಳ ಕಡೆಯಿಂದ, ಕನ್ನಡ, ಉರ್ದು, ಬ್ಯಾರಿ, ನವಾಯತಿ ಆಡುವ ಮನೆಗಳ ಕಡೆಯಿಂದ, ಇಂಥ ಓದು ಇನ್ನೂ ಬರಬೇಕಾಗಿದೆ. ಡಾಕ್ಟರು, ಎಂಜಿನಿಯರು ಬಿಟ್ಟರೆ ಬೇರೆ ಓದಿಲ್ಲ ಅಂದುಕೊಂಡ ಮನೆಯಲ್ಲಿ ಒಬ್ಬಳು ಹುಡುಗಿ ಇದನ್ನು ಆರಿಸಿಕೊಂಡರೆ ಬೇಡ ಅನ್ನಬೇಡಿ.

ನನ್ನ ತಂಗಿಯ ಮಗನಿಗೆ ಈಗ ಒಂಬತ್ತು. ಕನ್ನಡ ವಾಪಸ್ ಬಂದ ಕೂಡಲೇ ಪಟಪಟ ಮಾತಾಡಿದ ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಅವನ ಬಾಯಿಂದ ಬರುವುದು ಇಪ್ಪತ್ತು, ಮೂವತ್ತು ಪದ. ಉಳಿದದ್ದನ್ನು ಚಿತ್ರದ ಕಾರ್ಡು ತೋರಿಸಿ ಕೇಳುತ್ತಾನೆ. ಮಿಕ್ಸರ್ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಹಾಗಾಗಿ ತಂಗಿ ಅವನು ಶಾಲೆಗೆ ಹೋದ ಮೇಲೆ ಚಟ್ನಿ ಅರೆಯುತ್ತಾಳೆ. ಕಳೆದ ರಜೆಯಲ್ಲಿ ನಮ್ಮವ್ವ ಬಂದಿದ್ದಳು. ರೊಟ್ಟಿ ಬಡಿಯುತ್ತ ಅವಳು ತನ್ನ ಪಾಡಿಗೆ ಹೊಲದ್ದು, ಎತ್ತಿಂದು, ಮಳೆದು ಮಾತಾಡುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಸಾಲಾಗಿ ಜೋಡಿಸುತ್ತಿದ್ದ. "ನೀರು ಕೊಡಪಾ" ಅಂದಳು. ಎದ್ದು ಹೋಗಿ ತಂದುಕೊಟ್ಟ.